ಮೆಡಿಕಲ್ ಶಾಪಿನ ಚೀಟಿಗಳು

ಆರೋಗ್ಯ ವಿಮೆಯ ಅರ್ಥಶಾಸ್ತ್ರವನ್ನೇ ವೃತ್ತಿಯಾಗಿಸಿಕೊಂಡ ನನ್ನ ಸಂಶೋಧನೆಗೆ ದಿಕ್ಕು ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮನೆಮನೆ ಸಮೀಕ್ಷೆ ಮಾಡುತ್ತಿದ್ದ ಒಂದು ದಿನ. ಆಗ ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುವ ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಆ ಕಡೆ ಮನೆಮಾತಾಗಿತ್ತು. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಅದು ಆರಂಭವಾದಾಗ ವರ್ಷದ ವಂತಿಗೆ ತಲೆಗೆ 60 ರೂಪಾಯಿ. ಅಷ್ಟು ಕಟ್ಟಿದ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಕೈಯಿಂದ ಹಣ ತೆರದೆ ಆಗುತ್ತಿತ್ತು. ಅದು ಸಣ್ಣ ಸಾಧನೆಯಲ್ಲ.

ನಮ್ಮ ಪ್ರಶ್ನಾವಳಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪದ್ಧತಿಯನ್ನೇ ಅನುಸರಿಸಿತ್ತು: ಕಳೆದ 365 ದಿನಗಳಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾಗಿದ್ದರೇ, ಕಳೆದ 15 ದಿನಗಳಲ್ಲಿ ಯಾರಿಗಾದರೂ ಕಾಯಿಲೆಯಿತ್ತೇ? ಜಗಲಿಯ ಮೇಲೆ ಕುಳಿತಿದ್ದ ವಯಸ್ಸಾದ ತಾಯಿ ಎರಡಕ್ಕೂ ಇಲ್ಲವೆಂದರು. "ಕಾಯ್ಲೆ ಏನಿಲ್ಲ ಕಣವ್ವ, ಸಕ್ರೆ ಒಂದೈತೆ ಅಷ್ಟೆ" ಎನ್ನುತ್ತ ಒಳಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದು ನನ್ನ ಮುಂದೆ ಸುರಿದರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಖಾಲಿ ಪಟ್ಟಿಗಳು, ಮಸುಕಾದ ಚೀಟಿಗಳು. ಕೆಲವು ಚೀಟಿಗಳ ಹಿಂದೆ ಅಂಗಡಿಯವನು ಬರೆದ ಬಾಕಿ ಮೊತ್ತ. ಕೂಲಿ ಸಿಗದ ವಾರಗಳಲ್ಲಿ ದಿನಕ್ಕೆ ಎರಡರ ಬದಲು ಒಂದೇ ಮಾತ್ರೆ ನುಂಗುತ್ತಿದ್ದರಂತೆ.

1963ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ವೈದ್ಯಕೀಯ ಆರೈಕೆಯ ಬಗ್ಗೆ ಬರೆದ ಪ್ರಬಂಧವನ್ನು ಓದಿ ಬೆಳೆದವರು ನಾವು. ಯಾವಾಗ ಬರುತ್ತದೋ ತಿಳಿಯದ ದೊಡ್ಡ ಖರ್ಚಿಗೆ ವಿಮೆ ಬೇಕು, ತಿಂಗಳು ತಿಂಗಳೂ ಬರುವ ಸಣ್ಣ ಖರ್ಚನ್ನು ಮನೆಯವರೇ ಭರಿಸಬಹುದು ಎಂಬುದು ನಮ್ಮ ಶಾಸ್ತ್ರದ ಸಾಮಾನ್ಯ ತರ್ಕ. ಅಮೆರಿಕದಲ್ಲಿ 1970ರ ದಶಕದಲ್ಲಿ ಆರಂಭವಾದ ರ‍್ಯಾಂಡ್ ಸಂಸ್ಥೆಯ ಆರೋಗ್ಯ ವಿಮೆ ಪ್ರಯೋಗದಲ್ಲಿ, ರೋಗಿಗಳು ವೆಚ್ಚದ ಪಾಲು ಕೊಡಬೇಕಾದಾಗ ಚಿಕಿತ್ಸೆಯ ಬಳಕೆ ತಗ್ಗಿದರೂ ಸರಾಸರಿ ಆರೋಗ್ಯ ಹೆಚ್ಚೇನೂ ಕೆಡಲಿಲ್ಲ ಎಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ರಕ್ತದೊತ್ತಡವಿದ್ದ ಬಡವರಿಗೆ ಉಚಿತ ಚಿಕಿತ್ಸೆಯಿಂದ ಸ್ಪಷ್ಟ ಲಾಭವಾಯಿತೆಂಬ ಅದರ ಇನ್ನೊಂದು ಫಲಿತಾಂಶವನ್ನು ಅಷ್ಟೇ ಗಟ್ಟಿಯಾಗಿ ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಮುಖ್ಯವಾದುದು ಅದೇ. ಇಂದು ತಪ್ಪಿದ ಮಾತ್ರೆ ಮುಂದೆ ಕಾಲಿನ ಹುಣ್ಣಾಗಿ ಶಸ್ತ್ರಚಿಕಿತ್ಸೆಯ ಮೇಜಿಗೆ ತಲುಪಿದಾಗ ಯೋಜನೆಯೇ ದೊಡ್ಡ ಮೊತ್ತ ತೆರುತ್ತದೆ.

ಅಂದಿನಿಂದ ನನ್ನ ಕೆಲಸವೆಲ್ಲ ಹೊರರೋಗಿಗಳ, ಅಂದರೆ ಆಸ್ಪತ್ರೆಗೆ ದಾಖಲಾಗದೆ ಚಿಕಿತ್ಸೆ ಪಡೆಯುವವರ, ಖರ್ಚಿನ ಸುತ್ತಲೇ ನಡೆದಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತದ ವಿಮೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಕೊಟ್ಟರೂ ಅದು ಆಸ್ಪತ್ರೆಗೆ ದಾಖಲಾದವರಿಗೆ. ಕಾರ್ಖಾನೆಯ ಕಾರ್ಮಿಕನಿಗಾದರೋ 1952ರಲ್ಲಿ ಜಾರಿಗೆ ಬಂದ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಯೋಜನೆ ಹೊರರೋಗಿ ಚಿಕಿತ್ಸೆಯನ್ನೂ ಔಷಧಿಯನ್ನೂ ಕೊಡುತ್ತದೆ. ಹೊಲದಲ್ಲಿ ದುಡಿಯುವವರಿಗೂ ಅದು ಸಲ್ಲಬೇಕು, ಊರಿನ ಉಪಕೇಂದ್ರದಲ್ಲಿ ಸಕ್ಕರೆ ಮತ್ತು ಬಿಪಿ ಮಾತ್ರೆಗಳು ವರ್ಷವಿಡೀ ಸಿಗುವಂತೆ ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಡಬೇಕು ಎಂದು ಪ್ರತಿ ವರದಿಯಲ್ಲೂ ಬರೆಯುತ್ತಿದ್ದೇನೆ.