ಅಕ್ಕನ ವೀಸಾಗಿಂತ ಮಗಳ ವೀಸಾಗೇ ಜಾಸ್ತಿ ತಯಾರಿ ಬೇಕು

ಗಂಡ ಬ್ರಿಟಿಷ್ ಪ್ರಜೆ, ಹೆಂಡತಿ ಬೆಂಗಳೂರಿನವಳು, ಅವಳಿಗೆ ಮೊದಲ ಮದುವೆಯಿಂದ ಒಂದು ಮಗು. ಇಂಥ ಕುಟುಂಬ ಯುಕೆಯಲ್ಲಿ ನೆಲೆಸಬೇಕು ಅಂದಾಗ ಎಲ್ಲರೂ ಮಾತಾಡುವುದು ಸ್ಪೌಸ್ ವೀಸಾ ಬಗ್ಗೆ ಮಾತ್ರ. ಗಂಡನ ಸಂಬಳ ಸಾಕಾ, ಮದುವೆ ರಿಜಿಸ್ಟರ್ ಆಗಿದೆಯಾ, ಇಂಗ್ಲಿಷ್ ಪರೀಕ್ಷೆ ಬರೆಯಬೇಕಾ. ಮಗುವಿನ ವಿಷಯ ಬಂದ ತಕ್ಷಣ "ಅದು ತಾಯಿ ಜೊತೆ ಬರುತ್ತೆ ಬಿಡಿ" ಅಂತ ಮುಗಿಸಿಬಿಡುತ್ತಾರೆ. ಒಬ್ಬ ಏಜೆಂಟ್ ನಮಗೂ ಇದನ್ನೇ ಹೇಳಿದರು. ಅದು ತಪ್ಪು. ಮಗು ಸುಮ್ನೆ ತಾಯಿ ಜೊತೆ ಬರುವುದಿಲ್ಲ. ಮಗುವಿಗೆ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ನಿಯಮ. ತಾಯಿಗೆ ವೀಸಾ ಸಿಕ್ಕಿ ಮಗುವಿಗೆ ಸಿಗದೇ ಇರುವ ಸಾಧ್ಯತೆ ಇದ್ದೇ ಇದೆ. ಹಾಗಾದರೆ ಆ ತಾಯಿ ಏನು ಮಾಡಬೇಕು ಹೇಳಿ?

ನನ್ನ ಅಕ್ಕನದು ಎರಡನೇ ಮದುವೆ. ಭಾವ ಹಾಸನದ ಕಡೆಯವರು, ಬಹಳ ವರ್ಷದಿಂದ ಲೆಸ್ಟರ್‌ನಲ್ಲಿದ್ದು ಅಲ್ಲಿನ ಪೌರತ್ವ ತೆಗೆದುಕೊಂಡವರು. ಅಕ್ಕ ಕೆಲಸಕ್ಕೆ ಹೋಗುತ್ತಿದ್ದಳು, ಭಾವ ಅಲ್ಲಿದ್ದರು, ಹಾಗಾಗಿ ಎರಡೂ ಅರ್ಜಿಗಳ ಕಾಗದಪತ್ರ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಇದೇ ದಾರಿಯಲ್ಲಿರುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಶುಲ್ಕ, ನಿಯಮ ಎರಡೂ ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಬ್ರಿಟಿಷ್ ಸರ್ಕಾರದ ವೆಬ್‌ಸೈಟ್ ಗವ್.ಯುಕೆ ತೆರೆದು ನೋಡಿಕೊಳ್ಳಿ.

ಮೊದಲು ನನಗೆ ನಿಜಕ್ಕೂ ಬೇಜಾರಾದ ವಿಷಯ ಹೇಳುತ್ತೇನೆ. ಭಾವ ಈ ಹುಡುಗಿಯನ್ನು ಮಗಳು ಅಂತಲೇ ಕರೆಯುತ್ತಾರೆ. ಅವಳಿಗೆ ಭಿನ್ನರಾಶಿ ಅರ್ಥವಾಗದೇ ಇದ್ದಾಗ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ, ಕಾಗದ ಮಡಚಿ ತೋರಿಸಿ ಕಲಿಸಿದವರು ಅವರು. ಆದರೆ ಬ್ರಿಟನ್ನಿನ ಇಮಿಗ್ರೇಶನ್ ನಿಯಮದ ಪ್ರಕಾರ ಮಲತಂದೆ 'ಪೇರೆಂಟ್' ಆಗುವುದು ಮಗುವಿನ ಸ್ವಂತ ತಂದೆ ತೀರಿಕೊಂಡಿದ್ದರೆ ಮಾತ್ರ. ನಮ್ಮ ಹುಡುಗಿಯ ತಂದೆ ಇದ್ದಾರೆ, ಇದೇ ಬೆಂಗಳೂರಿನಲ್ಲೇ ಇದ್ದಾರೆ. ಅಂದರೆ ಭಾವನ ಪ್ರೀತಿ ಎಷ್ಟೇ ಇರಲಿ, ಮಗುವಿನ ಅರ್ಜಿಯಲ್ಲಿ ಅವರು ತಂದೆ ಅಲ್ಲ, ಸಂಬಳ ಮತ್ತು ಮನೆ ತೋರಿಸುವ ಸ್ಪಾನ್ಸರ್ ಅಷ್ಟೇ. ಮಗುವಿನ ಅರ್ಜಿ ಪೂರ್ತಿ ನಿಂತಿರುವುದು ತಾಯಿಯ ಮೇಲೆ.

ತಾಯಿ ಏನು ತೋರಿಸಬೇಕು? ಒಂದೋ ಮಗುವನ್ನು ಬೆಳೆಸುವ ಜವಾಬ್ದಾರಿ ಮೊದಲಿಂದ ಇವತ್ತಿನವರೆಗೆ ತನ್ನೊಬ್ಬಳದೇ ಅಂತ ತೋರಿಸಬೇಕು, ಅದನ್ನು ಅವರು 'ಸೋಲ್ ರೆಸ್ಪಾನ್ಸಿಬಿಲಿಟಿ' ಅನ್ನುತ್ತಾರೆ. ಇಲ್ಲವೇ ಮಗು ಮಾಮೂಲಾಗಿ ಇರುವುದು ತಾಯಿಯ ಜೊತೆಗೆ, ತಂದೆಯ ಜೊತೆಗಲ್ಲ ಅಂತ ತೋರಿಸಬೇಕು. ಎರಡರಲ್ಲಿ ಒಂದು ಸಾಕು. ನಾವು ಎರಡಕ್ಕೂ ದಾಖಲೆ ಇಟ್ಟೆವು, ನೀವೂ ಹಾಗೇ ಮಾಡಿ ಅಂತ ನನ್ನ ಸಲಹೆ.

ಇಲ್ಲಿ ನಮ್ಮಂಥ ಮನೆಗಳಿಗೆ ಒಂದು ತಲೆನೋವಿದೆ. ನಮ್ಮಲ್ಲಿ ಮಗುವನ್ನು ತಾಯಿ ಒಬ್ಬಳೇ ಬೆಳೆಸುವುದು ಎಲ್ಲಿದೆ? ಅಕ್ಕ ಬೆಳಿಗ್ಗೆ ಆಫೀಸ್ ಕ್ಯಾಬ್ ಹತ್ತಿದರೆ ಮನೆಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಶಾಲೆ ವ್ಯಾನ್ ಹತ್ತಿಸುವುದು, ಊಟ, ಜ್ವರ ಬಂದರೆ ಡಾಕ್ಟರ್ ಹತ್ತಿರ ಓಡುವುದು, ಎಲ್ಲ ಅಮ್ಮನೇ. "ಹಾಗಾದರೆ ಜವಾಬ್ದಾರಿ ಅಜ್ಜಿಯದು ಅಂತಾರೇನೋ" ಅಂತ ಅಕ್ಕ ತುಂಬಾ ಹೆದರಿದ್ದಳು. ಅಮ್ಮನಿಗಂತೂ ತನ್ನಿಂದಲೇ ಮೊಮ್ಮಗಳಿಗೆ ತೊಂದರೆ ಆಗುತ್ತದೆ ಅನ್ನಿಸಿ, ನನ್ನ ಹೆಸರೇ ಎಲ್ಲೂ ಬರೆಯಬೇಡಿ ಅನ್ನುತ್ತಿದ್ದರು. ಬಚ್ಚಿಡುವ ಅಗತ್ಯ ಇಲ್ಲ. 2006ರಲ್ಲಿ ಅಲ್ಲಿನ ಇಮಿಗ್ರೇಶನ್ ಟ್ರಿಬ್ಯೂನಲ್ (ನ್ಯಾಯಮಂಡಳಿ) ಯೆಮನ್‌ನ ಒಂದು ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ, ಟಿಡಿ ಯೆಮನ್ ಅಂತ ಹುಡುಕಿದರೆ ಸಿಗುತ್ತದೆ. ದಿನನಿತ್ಯದ ಆರೈಕೆ ಬೇರೆಯವರು ಮಾಡಬಹುದು. ಮಗುವಿನ ಬದುಕಿನ ದೊಡ್ಡ ನಿರ್ಧಾರಗಳನ್ನು ತೆಗೆದುಕೊಳ್ಳುವವರು ಯಾರು, ಹಿಡಿತ ಯಾರ ಕೈಲಿದೆ ಅನ್ನುವುದೇ ಮುಖ್ಯ. ಹಾಗಾಗಿ ಅಮ್ಮನಿಂದಲೇ ಒಂದು ಪತ್ರ ಬರೆಸಿದೆವು. ನಾನು ಊಟ ಮಾಡಿಸುತ್ತೇನೆ, ವ್ಯಾನ್ ಹತ್ತಿಸುತ್ತೇನೆ, ಆದರೆ ಯಾವ ಶಾಲೆ, ಯಾವ ಡಾಕ್ಟರ್, ಯಾವ ಟ್ಯೂಷನ್ ಅಂತ ತೀರ್ಮಾನ ಮಾಡುವುದು ನನ್ನ ಮಗಳೇ ಅಂತ. ಕನ್ನಡದಲ್ಲಿ ಬರೆದರು, ಅನುವಾದ ಮಾಡಿಸಿ ಎರಡನ್ನೂ ಲಗತ್ತಿಸಿದೆವು. ನಾನು ಇಂಗ್ಲಿಷಿನಲ್ಲಿ ಬರೆದು ಅವರಿಂದ ಸಹಿ ಹಾಕಿಸಿದ್ದರೆ ಅಷ್ಟು ನಿಜ ಅನ್ನಿಸುತ್ತಿರಲಿಲ್ಲ.

ಇನ್ನು ಶಾಲೆ. ಬೋನಫೈಡ್ ಸರ್ಟಿಫಿಕೇಟ್ ಕೊಡಿ ಅಂದರೆ ಎಲ್ಲ ಶಾಲೆಯವರೂ ಕೊಡುತ್ತಾರೆ, ಆದರೆ ಅದರಲ್ಲಿ ಇರುವುದು "ಇಂಥವರ ಮಗಳು" ಅಂತ ತಂದೆಯ ಹೆಸರು ಮಾತ್ರ. ನಮ್ಮ ಅರ್ಜಿಗೆ ಅದು ಉಪಯೋಗ ಇಲ್ಲ. ಅಕ್ಕ ಹೆಡ್‌ಮಿಸ್ ಹತ್ತಿರ ಹೋಗಿ ವಿಷಯ ಬಿಡಿಸಿ ಹೇಳಿದಳು. ದಾಖಲಾತಿ ಮಾಡಿಸಿದ್ದು ತಾಯಿ, ಫೀಸ್ ಕಟ್ಟುವುದು ತಾಯಿ, ಪೇರೆಂಟ್ಸ್ ಮೀಟಿಂಗ್‌ಗೆ ಬರುವುದು ತಾಯಿ, ತುರ್ತಿಗೆ ಫೋನ್ ಮಾಡಲು ಇರುವ ನಂಬರ್ ತಾಯಿಯದು ಅಂತ ಅವರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಅದರ ಜೊತೆ ನಾನು ಹಳೆ ಶಾಲಾ ಡೈರಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಎಣ್ಣೆ ಕೈ ಗುರುತು, ಮೂಲೆ ಮುದುರಿದ ಹಾಳೆ, ಆದರೆ ಪೋಷಕರ ಸಹಿ ಅನ್ನುವ ಜಾಗದಲ್ಲಿ ಪ್ರತಿ ವಾರ ಅಕ್ಕನ ಇನಿಶಿಯಲ್. ಕೆಲವು ಕಡೆ ಟೀಚರ್ "ಪ್ರಾಜೆಕ್ಟ್ ತಂದಿಲ್ಲ" ಅಂತ ಕೆಂಪು ಇಂಕಿನಲ್ಲಿ ಬರೆದಿದ್ದಾರೆ, ಕೆಳಗೆ ಅಕ್ಕನ ಉತ್ತರ. ಬೇರೆ ಬೇರೆ ವರ್ಷದ ಹಾಳೆ ಆರಿಸಿ ಸ್ಕ್ಯಾನ್ ಮಾಡಿದೆ. ಮಕ್ಕಳ ಡಾಕ್ಟರ್ ಒಂದು ಪತ್ರ ಕೊಟ್ಟರು, ಲಸಿಕೆ ಹಾಕಿಸಿದ ತಾಯಿ ಕಾರ್ಡ್ ಇತ್ತು, ಫೀಸ್ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ಯಾವುದನ್ನೂ ವೀಸಾಗೋಸ್ಕರ ಹೊಸದಾಗಿ ಹುಟ್ಟಿಸಿದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುವ ಕಾಗದಗಳು. ಅರ್ಜಿ ಹಾಕುವ ಹಿಂದಿನ ವಾರ ಮಾಡಿಸಿದ ಅಫಿಡವಿಟ್ ರಾಶಿಗಿಂತ ಒಂದು ಹಳೆ ಡೈರಿ ಹಾಳೆ ಮೇಲು.

ಕೋರ್ಟ್ ಡಿಕ್ರಿಯ ಸರ್ಟಿಫೈಡ್ ಕಾಪಿ ಬೇಕೇ ಬೇಕು. ಅಕ್ಕನದು ಪರಸ್ಪರ ಒಪ್ಪಿಗೆಯ ವಿಚ್ಛೇದನ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಫ್ಯಾಮಿಲಿ ಕೋರ್ಟ್‌ನಲ್ಲಿ ಆಗಿದ್ದು. ಡಿಕ್ರಿ ಜೊತೆಗೆ ಒಪ್ಪಂದದ ಪತ್ರವನ್ನೂ ಇಡಿ, ಯಾಕೆಂದರೆ ಮಗು ಯಾರ ಹತ್ತಿರ ಇರಬೇಕು ಅನ್ನುವುದು ಎಷ್ಟೋ ಸಲ ಒಪ್ಪಂದದಲ್ಲೇ ಇರುತ್ತದೆ. ನಮ್ಮದರಲ್ಲಿ ಕಸ್ಟಡಿ ತಾಯಿಗೆ, ಭಾನುವಾರ ಭೇಟಿಯ ಹಕ್ಕು ತಂದೆಗೆ ಅಂತ ಇತ್ತು. ಮಗುವನ್ನು ಕೋರ್ಟ್ ಅನುಮತಿ ಇಲ್ಲದೆ ಹೊರದೇಶಕ್ಕೆ ಕರೆದುಕೊಂಡು ಹೋಗಬಾರದು ಅನ್ನುವ ಷರತ್ತು ನಿಮ್ಮದರಲ್ಲಿ ಇದ್ದರೆ ಮೊದಲು ನಿಮ್ಮ ವಕೀಲರನ್ನು ಕಾಣಿ, ವೀಸಾ ಆಮೇಲೆ.

ತಂದೆಯ ಒಪ್ಪಿಗೆ ಪತ್ರ ಕೇಳುವುದು ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ. ನಾನೂ ಜೊತೆಗೆ ಹೋಗಿದ್ದೆ, ಗಾಂಧಿ ಬಜಾರ್ ಹತ್ತಿರದ ಒಂದು ಹೋಟೆಲ್‌ನಲ್ಲಿ ಕೂತೆವು. ಅವರು ಸ್ಟಾಂಪ್ ಪೇಪರ್ ಕರಡನ್ನು ನಿಧಾನವಾಗಿ ಓದಿದರು, ಕಾಫಿ ಮುಟ್ಟಲಿಲ್ಲ. ಓದಿ ಮುಗಿಸಿ, "ವಾರಕ್ಕೊಮ್ಮೆ ಮಗಳ ಜೊತೆ ವಿಡಿಯೋದಲ್ಲಿ ಮಾತಾಡ್ತೀನಿ, ರಜೆಗೆ ಬಂದಾಗ ನನ್ನ ಹತ್ತಿರ ಇರ್ತಾಳೆ, ಇದನ್ನ ಸೇರಿಸಿ" ಅಂದರು. ಇದರಿಂದ 'ಸೋಲ್ ರೆಸ್ಪಾನ್ಸಿಬಿಲಿಟಿ'ಗೆ ಪೆಟ್ಟು ಬೀಳುತ್ತಾ ಅಂತ ನನಗೆ ಒಳಗೇ ಅಳುಕು. ಅಕ್ಕ ಒಂದು ಕ್ಷಣವೂ ಯೋಚಿಸದೆ "ಸೇರಿಸೋಣ" ಅಂದಳು. ಅವಳು ಮಾಡಿದ್ದೇ ಸರಿ. ತಂದೆ ಮಗಳ ಜೊತೆ ಮಾತಾಡುವುದು ಬೇರೆ, ಮಗಳ ಬದುಕಿನ ತೀರ್ಮಾನಗಳನ್ನು ತೆಗೆದುಕೊಳ್ಳುವುದು ಬೇರೆ. ವೀಸಾ ಬೇಕು ಅಂತ ತಂದೆಯೇ ಇಲ್ಲ ಅನ್ನುವ ಹಾಗೆ ಬರೆಯುವುದು ಸುಳ್ಳು, ಮಗುವಿಗೆ ಅನ್ಯಾಯ ಕೂಡ. ಅಫಿಡವಿಟ್ ನೋಟರಿ ಆಯಿತು, ಜೊತೆಗೆ ಅವರ ಪಾಸ್‌ಪೋರ್ಟ್ ಪ್ರತಿಯನ್ನೂ ಕೊಟ್ಟರು.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 11ರಿಂದ ಸ್ಪಾನ್ಸರ್ ಆದಾಯ ವರ್ಷಕ್ಕೆ 29,000 ಪೌಂಡ್ ಇರಬೇಕು. ಮೊದಲು 18,600 ಇತ್ತು, ಮಗು ಇದ್ದರೆ ಮೇಲೆ 3,800 ಸೇರುತ್ತಿತ್ತು. ಈಗ ಮಗುವಿಗೆ ಅಂತ ಬೇರೆ ಸೇರಿಸುವುದಿಲ್ಲ, ಆದರೆ ಮೂಲ ಮೊತ್ತವೇ ಅಷ್ಟು ಏರಿದೆ. ಅರ್ಜಿ ಶುಲ್ಕ 2025ರ ಏಪ್ರಿಲ್‌ನ ದರದಲ್ಲಿ 1,938 ಪೌಂಡ್ ಇತ್ತು, ದೊಡ್ಡವರಿಗೂ ಮಗುವಿಗೂ ಒಂದೇ. ಅದರ ಮೇಲೆ ಆರೋಗ್ಯದ ಸರ್‌ಚಾರ್ಜ್, ವರ್ಷಕ್ಕೆ ದೊಡ್ಡವರಿಗೆ 1,035, ಮಗುವಿಗೆ 776. ವೀಸಾ ಕೊಡುವುದು 33 ತಿಂಗಳಿಗೆ, ಸರ್‌ಚಾರ್ಜ್ ತೆಗೆದುಕೊಳ್ಳುವುದು ಮೂರು ವರ್ಷಕ್ಕೆ. ಆ ದರದಲ್ಲಿ ಎಲ್ಲ ಸೇರಿಸಿದರೆ ತಾಯಿ ಮಗಳಿಗೆ 9,309 ಪೌಂಡ್, ನಮ್ಮ ದುಡ್ಡಲ್ಲಿ ಹತ್ತು ಲಕ್ಷ ದಾಟುತ್ತದೆ. ವಿಮಾನದ ಟಿಕೆಟ್ ಇದರಲ್ಲಿ ಇಲ್ಲ. ಒಂದು ಕುಟುಂಬ ಒಟ್ಟಿಗೆ ಇರುವುದಕ್ಕೆ ಇಷ್ಟು ಹಣ ಕಟ್ಟಿಸಿಕೊಳ್ಳುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಮಾಮೂಲಿ ಸಂಬಳದ ಮನೆಯವರು ಇದನ್ನು ಎಲ್ಲಿಂದ ತರಬೇಕು?

ಉಳಿದವು ಅಷ್ಟು ಕಷ್ಟ ಇಲ್ಲ. ಟಿಬಿ ಪರೀಕ್ಷೆಯನ್ನು ಅವರು ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಸರ್ಟಿಫಿಕೇಟ್ ಆರು ತಿಂಗಳು ನಡೆಯುತ್ತದೆ, 11 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಎಕ್ಸ್‌ರೇ ಇರುವುದಿಲ್ಲ. ಇಂಗ್ಲಿಷ್ ಪರೀಕ್ಷೆ ತಾಯಿಗೆ ಮಾತ್ರ, ಎ1 ಅನ್ನುವ ಆರಂಭಿಕ ಮಟ್ಟದ್ದು, ಕೇಳಿ ಮಾತಾಡುವುದಷ್ಟೇ. ಅಲ್ಲಿನ ಮನೆ ಸಾಕಷ್ಟು ದೊಡ್ಡದಿದೆಯಾ ಅಂತಲೂ ನೋಡುತ್ತಾರೆ, ಭಾವ ಮನೆ ಮಾಲೀಕರಿಂದ ಹೆಂಡತಿ ಮತ್ತು ಮಗಳು ಇಬ್ಬರೂ ಬಂದು ಇರಬಹುದು ಅಂತ ಪತ್ರ ತಂದರು. ಅದರಲ್ಲಿ ಮಗಳ ಹೆಸರು ಇರಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಅನುವಾದ ಬೇಕು. ಮಗುವಿನ ಹೆಸರು, ಸರ್‌ನೇಮ್ ಈ ಸಮಯದಲ್ಲಿ ಬದಲಾಯಿಸಲು ಹೋಗಬೇಡಿ. ಶಾಲೆ, ಪಾಸ್‌ಪೋರ್ಟ್, ಡಿಕ್ರಿ ಎಲ್ಲದರಲ್ಲೂ ಒಂದೇ ಹೆಸರಿದ್ದರೆ ಎಷ್ಟೋ ಪ್ರಶ್ನೆ ಏಳುವುದೇ ಇಲ್ಲ. ತಾಯಿ ಫೈಲಿನಲ್ಲಿ ಇದೆಯಲ್ಲ ಅಂತ ಮಗುವಿನ ಅರ್ಜಿಯಲ್ಲಿ ಯಾವ ದಾಖಲೆಯನ್ನೂ ಬಿಡಬೇಡಿ, ಎರಡರಲ್ಲೂ ಅಪ್‌ಲೋಡ್ ಮಾಡಿ.

ಎರಡು ವೀಸಾನೂ ಒಟ್ಟಿಗೇ ಬಂದವು. ಈಗ ಅಕ್ಕ ಅಲ್ಲಿಯ ಶಾಲೆ ಕಳಿಸುವ ಪತ್ರ, ರಿಪೋರ್ಟ್, ಡಾಕ್ಟರ್ ಕಾಗದ ಎಲ್ಲ ತನ್ನ ಹೆಸರಿಗೇ ಬರುವ ಹಾಗೆ ನೋಡಿಕೊಂಡು ಎತ್ತಿಡುತ್ತಿದ್ದಾಳೆ. 33 ತಿಂಗಳು ಮುಗಿಯುವುದರೊಳಗೆ ವಿಸ್ತರಣೆಗೆ ಮತ್ತೆ ಅರ್ಜಿ ಹಾಕಬೇಕು, ಮಗಳದು ಆಗಲೂ ಬೇರೆ ಅರ್ಜಿಯೇ.

ಒಂದು ಮಾತು, ಮಗುವಿಗೆ 17 ತುಂಬಿರುವವರಿಗೆ. ವಯಸ್ಸು ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನಕ್ಕೆ. ಆ ದಿನ 18 ತುಂಬಿರಬಾರದು. ಮದುವೆ ಫೋಟೋ ಆಲ್ಬಂ ಬರಲಿ, ಗಂಡನಿಗೆ ಇನ್‌ಕ್ರಿಮೆಂಟ್ ಆಗಲಿ ಅಂತ ಕಾಯುತ್ತಾ ಕೂರಬೇಡಿ, ಹುಟ್ಟುಹಬ್ಬಕ್ಕೆ ಮೊದಲೇ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿಬಿಡಿ.