ಟ್ರಸ್ಟಿನಲ್ಲಿರುವ ನನ್ನ ದುಡ್ಡು ನನ್ನ ಕೈಗೆ ಬರೋದು ಯಾವಾಗ?

"ಸರ್, ತಾತ ನನ್ನ ಹೆಸರಿಗೆ ಟ್ರಸ್ಟ್ ಮಾಡಿಟ್ಟಿದ್ದಾರೆ. ಅದರ ದುಡ್ಡು ತೆಗೆಯೋದು ಹೇಗೆ?" ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ನಾನು ತಿರುಗಿ ಕೇಳುವುದು ಒಂದೇ: "ಟ್ರಸ್ಟ್ ಡೀಡ್ ಓದಿದ್ದೀರಾ?" ಟ್ರಸ್ಟಿನ ಷರತ್ತುಗಳನ್ನು ಬರೆದಿಟ್ಟ ಆ ಪತ್ರವನ್ನು ಹೆಚ್ಚಿನವರು ಕಣ್ಣಲ್ಲೂ ಕಂಡಿರುವುದಿಲ್ಲ.

ಮೊದಲು ಅದರ ಪ್ರತಿ ತರಿಸಿಕೊಂಡು ಒಂದು ಕ್ರಿಯಾಪದ ಹುಡುಕಿ. "25 ತುಂಬಿದಾಗ ಟ್ರಸ್ಟಿಗಳು ಕೊಡತಕ್ಕದ್ದು" ಎಂದಿದ್ದರೆ ಆ ದಿನ ಬಂದಾಗ ಟ್ರಸ್ಟಿಗಳು, ಅಂದರೆ ನಿಮ್ಮ ಪರವಾಗಿ ಆ ಹಣ ನೋಡಿಕೊಳ್ಳುವವರು, ಕೊಡಲೇಬೇಕು. "ಕೊಡಬಹುದು" ಎಂದಿದ್ದರೆ ಅದು ಅವರ ವಿವೇಚನೆಗೆ ಬಿಟ್ಟದ್ದು. ಕೋರಿಕೆಯನ್ನು ಪ್ರಾಮಾಣಿಕವಾಗಿ ಪರಿಶೀಲಿಸಿ ಎನ್ನಬಹುದು, ಕೊಡಿ ಎಂದು ಪಟ್ಟು ಹಿಡಿಯುವಂತಿಲ್ಲ. ಈ ಒಂದು ಪದದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದೇನೆ.

ಕೇಳುವುದು ಬರವಣಿಗೆಯಲ್ಲೇ ಇರಲಿ: ಡೀಡಿನ ಯಾವ ಕಲಂ ಪ್ರಕಾರ, ಎಷ್ಟು, ಯಾತಕ್ಕೆ. ಕಾಲೇಜಿನ ಫೀಸಿನದೋ ಆಸ್ಪತ್ರೆಯದೋ ಬಿಲ್ಲು ಜೊತೆಗಿಡಿ. ಕೆಲವು ಟ್ರಸ್ಟಿಗಳು ನಿಮ್ಮ ಕೈಗೆ ಕೊಡದೆ ನೇರ ಕಾಲೇಜಿಗೇ ಕಟ್ಟುತ್ತಾರೆ. ಅವಮಾನ ಅಂದುಕೊಳ್ಳಬೇಡಿ, ನಾಳೆ ಲೆಕ್ಕ ಒಪ್ಪಿಸಬೇಕಾದವರು ಅವರು.

"ಡೀಡಿನಲ್ಲಿ 25 ಅಂತಿದೆ, ನನಗೀಗ 21. ಕಾಯಲೇಬೇಕಾ?" ನನಗೆ ಇಷ್ಟವಾದ ಪ್ರಶ್ನೆ ಇದು. 1841ರಲ್ಲಿ ಇಂಗ್ಲೆಂಡಿನಲ್ಲಿ, ಸಾಂಡರ್ಸ್ ವಿರುದ್ಧ ವಾಟಿಯರ್ ಮೊಕದ್ದಮೆಯಲ್ಲಿ, ಒಬ್ಬ ಹುಡುಗ ಇದನ್ನೇ ಕೇಳಿದ್ದ. ಅವನಿಗೆಂದು ಈಸ್ಟ್ ಇಂಡಿಯಾ ಕಂಪನಿಯ ಬಂಡವಾಳದಲ್ಲಿ ಹಣವಿತ್ತು. 25 ಆಗುವತನಕ ಆದಾಯ ಕೂಡಿಡಿ ಎಂದು ಉಯಿಲಿನಲ್ಲಿತ್ತು. ಹುಡುಗ ವಯಸ್ಸಿಗೆ ಬಂದಿದ್ದಾನೆ, ಹಣದಲ್ಲಿ ಬೇರೆ ಯಾರಿಗೂ ಪಾಲಿಲ್ಲ, ಇನ್ಯಾಕೆ ಕಾಯಿಸುತ್ತೀರಿ ಎಂಬುದೇ ಕೋರ್ಟಿನ ನಿಲುವು. 21ಕ್ಕೇ ಹಣ ಸಿಕ್ಕಿತು. ಭಾರತದ 1882ರ ಟ್ರಸ್ಟ್ ಕಾಯ್ದೆಯ 56ನೇ ಕಲಂನಲ್ಲೂ ಈ ದಾರಿಯಿದೆ. ಆದರೆ ಫಲಾನುಭವಿಗಳು, ಅಂದರೆ ಹಣ ಸಲ್ಲಬೇಕಾದವರು, ಹಲವರಿದ್ದರೆ ಎಲ್ಲರೂ ವಯಸ್ಕರಾಗಿದ್ದು ಒಮ್ಮತದಿಂದ ಕೇಳಬೇಕು. ಬಡ್ಡಿ ಅಜ್ಜಿಗೆ, ಅಸಲು ಮೊಮ್ಮಗನಿಗೆ ಎಂದಿದ್ದರೆ ಮೊಮ್ಮಗ ಒಬ್ಬನೇ ಹೋದರೆ ಆಗದು, ಅಜ್ಜಿಯೂ ಒಪ್ಪಬೇಕು. ಅಮೆರಿಕದಲ್ಲಿ ಇದು ಉಲ್ಟಾ. 21ಕ್ಕೆ 10,000 ಡಾಲರ್, 25ಕ್ಕೆ ಇನ್ನೊಂದು 10,000, ಉಳಿದದ್ದು 30ಕ್ಕೆ ಎಂದು ಅಪ್ಪ ಬರೆದಿಟ್ಟಿದ್ದ. ಮಗ ಅದನ್ನು ಮುಂಚೆಯೇ ಕೇಳಿದ 1889ರ ಕ್ಲಾಫ್ಲಿನ್ ಮೊಕದ್ದಮೆಯಲ್ಲಿ, ಅಪ್ಪ ಬರೆದಂತೆಯೇ ನಡೆಯಲಿ ಎಂದಿತು ಮ್ಯಾಸಚೂಸೆಟ್ಸ್ ಕೋರ್ಟು.

ಇನ್ನು ಟ್ರಸ್ಟಿ ಉತ್ತರವನ್ನೇ ಕೊಡದಿದ್ದರೆ ದುಡ್ಡಿನ ಮಾತು ಬದಿಗಿಟ್ಟು ಲೆಕ್ಕಪತ್ರ ತೋರಿಸಿ ಎಂದು ಬರೆಯಿರಿ. ಅದಕ್ಕೂ ಬಗ್ಗದಿದ್ದರೆ ಕೋರ್ಟು. ಟ್ರಸ್ಟಿಯನ್ನೇ ಬದಲಿಸುವ ಅಧಿಕಾರ ಅದಕ್ಕಿದೆ. ಆದರೆ ಖರ್ಚು ಎಷ್ಟೋ ಸಲ ಟ್ರಸ್ಟಿನ ಹಣದಿಂದಲೇ ಹೋಗುವುದರಿಂದ, ದಾವೆಗೆ ಮುಂಚೆ ಒಂದು ವಕೀಲರ ನೋಟೀಸು ಕಳಿಸಿ ನೋಡಿ ಅನ್ನುತ್ತೇನೆ.