ಒಣದ್ರಾಕ್ಷಿ ಶೆಡ್ಡಿನಿಂದ ಸಾರ್ಕ್‌ವರೆಗೆ

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡ್ತಿದ್ದೀನಿ ಅಂದರೆ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಕಡೆ ಮಂದಿ ಕೇಳೋದು ಒಂದೇ: 'ಅದರಿಂದ ನಮಗೇನು ಉಪಯೋಗ?' ಉತ್ತರ ನಮ್ಮ ಹೊಲದಲ್ಲೇ ಇದೆ.

ನಮ್ಮದು ದ್ರಾಕ್ಷಿ ತೋಟ. ಗೊನೆ ಕೊಯ್ದು, ಬೇಗ ಒಣಗಲೆಂದು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡುತ್ತೇವೆ. ಎರಡು ವಾರ ಮೋಡ ಕಟ್ಟದಿದ್ದರೆ ಹಸಿರು ಬಣ್ಣದ ಒಳ್ಳೇ ಒಣದ್ರಾಕ್ಷಿ ಸಿಗುತ್ತದೆ. ಆಮೇಲೆ ಅಪ್ಪನಿಗೆ ದರದ್ದೇ ಚಿಂತೆ. ಅದನ್ನು ಮಳೆಯೊಂದೇ ತೀರ್ಮಾನಿಸುವುದಿಲ್ಲ. ಸಾರ್ಕ್ ಅಂದರೆ ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ. 2004ರಲ್ಲಿ ಇಸ್ಲಾಮಾಬಾದಿನ ಅದರ ಶೃಂಗಸಭೆಯಲ್ಲಿ ಸಹಿಯಾದ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಜಾರಿಗೆ ಬಂತು. 2007ರಲ್ಲಿ ಅಫ್ಗಾನಿಸ್ತಾನವೂ ಸಾರ್ಕ್ ಸೇರಿತು. ಅಲ್ಲಿನ ಒಣಹಣ್ಣಿಗೆ ಭಾರತ ಆಮದು ಸುಂಕದಲ್ಲಿ ರಿಯಾಯಿತಿ ಕೊಟ್ಟಿದೆ. ಆ ಮಾಲು ಇಲ್ಲಿಗೆ ಬಂದಾಗ ನಮ್ಮ ದರ ಇಳಿಯುತ್ತದೆ.

'ಹಂಗಾದ್ರ ಸುಂಕ ಹಾಕಾಕ ಏನ್ ಅಡ್ಡಿ ಐತೆವಾ?' ಅಂತ ಅಪ್ಪ ಕೇಳಿದ.

ಅಡ್ಡಿ ಇದೆ. ಅಫ್ಗಾನಿಸ್ತಾನಕ್ಕೆ ಸಮುದ್ರವಿಲ್ಲ, ಹಣ್ಣು ಮಾರಿ ಬದುಕುವ ರೈತರು ಅಲ್ಲೂ ಇದ್ದಾರೆ. ಪಾಕಿಸ್ತಾನದ ಮೂಲಕ ಹೋಗದೆ ಅಲ್ಲಿಗೆ ತಲುಪಲೆಂದೇ ಭಾರತ 2016ರಲ್ಲಿ ಇರಾನ್, ಅಫ್ಗಾನಿಸ್ತಾನದ ಜೊತೆ ಇರಾನಿನ ಚಾಬಹಾರ್ ಬಂದರಿನ ಒಪ್ಪಂದ ಮಾಡಿಕೊಂಡಿತು. ಆ ಸ್ನೇಹ ಬೇಕೇ ಬೇಕು. ಆದರೆ ಅದರ ಖರ್ಚು ತಿಕೋಟಾದ ರೈತನೊಬ್ಬನ ತಲೆ ಮೇಲೇ ಬೀಳಬಾರದು. ಮಾತುಕತೆಯ ಮೇಜಿನ ಸುತ್ತ ಇಂಥ ಶೆಡ್ಡಿನೊಳಗೆ ನಿಂತು ಬಂದವರೂ ಇರಬೇಕು. ನಾನು ಓದುತ್ತಿರುವುದೇ ಅದಕ್ಕೆ.

ಪ್ರಬಂಧಕ್ಕೆ ಇದೇ ವಿಷಯ ಆರಿಸಿಕೊಂಡಿದ್ದೇನೆ. ಮುಂದಿನ ವಾರ ಮಹಾರಾಷ್ಟ್ರದ ತಾಸಗಾಂವ್ ಒಣದ್ರಾಕ್ಷಿ ಮಾರುಕಟ್ಟೆಗೆ ಹೋಗಿ, ಅಫ್ಗಾನ್ ಮಾಲು ಬಂದಾಗ ನಮ್ಮ ದರ ಎಷ್ಟು ಇಳಿಯುತ್ತದೆ ಅಂತ ವ್ಯಾಪಾರಿಗಳನ್ನೇ ಕೇಳಬೇಕು.